ಮಾವನವರೂ ನನ್ನ ಸೈಕಲ್ಲಿನ ಬ್ರೇಕುಗಳೂ

ಸೊಂಟನೋವು ಯಾರಿಗೆ ಬರುವುದಿಲ್ಲ? ಆದರೆ ತಾನೇ ಕಂಡಕಂಡವರ ಮುಂದೆ ಹೊಗಳಿದ ವಸ್ತುವಿನಿಂದ ಬಂದ ಸೊಂಟನೋವನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಈ ಸಂಕಟವನ್ನು ಒಂದು ವರ್ಷ ಗುಟ್ಟಾಗಿ ಅನುಭವಿಸಿದವನು ನಾನು. ಜಯನಗರ ಆಗಿನ್ನೂ ಹೊಸ ಬಡಾವಣೆ. ರಸ್ತೆಗಳು ಅಗಲ, ಮನೆಗಳು ವಿರಳ, ಬಸ್ಸುಗಳು ಇನ್ನೂ ವಿರಳ. ಆಫೀಸಿಗೆ ಹೋಗಲು ಸೈಕಲ್ ಬೇಕೇ ಬೇಕು. ವರ್ಗವಾಗಿ ಹೋಗುತ್ತಿದ್ದ ಸಹೋದ್ಯೋಗಿಯೊಬ್ಬರಿಂದ ನಾನು ಕೊಂಡದ್ದು ಎಲ್ಲರಂಥ ಸೈಕಲ್ಲಲ್ಲ, ಮೂರು ಗೇರಿನ ರೇಸ್ ಸೈಕಲ್. ಅದರ ಹ್ಯಾಂಡಲ್ ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಸುತ್ತಿಕೊಂಡಿತ್ತು. ಬ್ರೇಕಿನ ಹಿಡಿಗಳು ಆ ಕೊಂಬಿನ ತೀರಾ ಕೆಳಗಿನ ಬಾಗಿನಲ್ಲಿದ್ದವು. “ಹಿಡಿ ಅಲ್ಲಿದ್ರೇನೇ ವೈಜ್ಞಾನಿಕ. ಬಗ್ಗಿ ಹಿಡಿದ್ರೆ ಗಾಳಿ ಸೀಳ್ಕೊಂಡು ಹೋಗುತ್ತೆ” ಎಂದು ಆಫೀಸಿನಲ್ಲೂ ಮನೆಯಲ್ಲೂ ಉಪನ್ಯಾಸ ಕೊಟ್ಟೆ.

ಗಾಳಿಯೇನೋ ಸೀಳುತ್ತಿತ್ತು, ಜೊತೆಗೆ ನನ್ನ ಸೊಂಟವೂ. ಮುಂದಿನ ಚಕ್ರ ಮತ್ತು ಟಾರು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಎದುರಿಗೆ ಬರುವವರನ್ನು ಕಾಲಿನಿಂದ ಗುರುತಿಸುವುದನ್ನು ಕಲಿತೆ. ಒಮ್ಮೆ ಕಂದು ಬೂಟುಗಳನ್ನು ಕಂಡು, ನಮ್ಮ ಮೇಲಧಿಕಾರಿಗಳೆಂದು ತಿಳಿದು, ಭಕ್ತಿಯಿಂದ “ನಮಸ್ಕಾರ ಸಾರ್” ಎಂದೆ. “ಎಷ್ಟು ಪಾವು ಸ್ವಾಮಿ?” ಎಂದಿತು ಬೂಟು. ಯಾರದೋ ಹಳೆಯ ಬೂಟು ತೊಟ್ಟ ಕಡಲೆಕಾಯಿಯವನು! ನಿಜವಾದ ಮೇಲಧಿಕಾರಿಗಳು ಮರುದಿನ ಚಪ್ಪಲಿಯಲ್ಲಿ ಬಂದು ನನ್ನ ನಮಸ್ಕಾರ ತಪ್ಪಿಸಿಕೊಂಡರು. ನನಗೆ ಸೊಕ್ಕು ಬಂದಿದೆಯೆಂದು ತೀರ್ಮಾನಿಸಿದರು. ಹಿಡಿಗಳನ್ನು ಮೇಲಕ್ಕೆ ಸರಿಸಲು ಒಂದು ಸ್ಪ್ಯಾನರ್ ಸಾಕಿತ್ತು. ಆದರೆ ಕೊಟ್ಟ ಉಪನ್ಯಾಸಗಳನ್ನು ವಾಪಸು ಪಡೆಯುವ ಸ್ಪ್ಯಾನರ್ ಎಲ್ಲಿದೆ?

ಅಷ್ಟರಲ್ಲಿ ನನ್ನ ಪುಣ್ಯಕ್ಕೆ ಮಾವನವರು ಬಂದರು. ನನ್ನ ಹೆಂಡತಿ ಕಮಲಳ ತಂದೆ. ತುಮಕೂರಿನ ಕಡೆಯ ಹಳ್ಳಿಯೊಂದರಲ್ಲಿ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಹಲ್ಲು ಕಟ್ಟಿಸಿಕೊಳ್ಳಲು ಎರಡು ತಿಂಗಳ ಮಟ್ಟಿಗೆ ಬಂದಿದ್ದರು. ಬಂದ ದಿನವೇ, “ನಾಳೆಯಿಂದ ಬೆಳಿಗ್ಗೆ ಸೈಕಲ್ ತಗೊಂಡು ಹೋಗಿ ನಾನೇ ತರಕಾರಿ ತರ್ತೀನಿ” ಎಂದರು. ನನಗೆ ತಟ್ಟನೆ ಹೊಳೆಯಿತು. “ಪಾಪ, ಈ ವಯಸ್ಸಲ್ಲಿ ಅವರು ಬಗ್ಗಬೇಕಾ?” ಎಂದು ಕಮಲಳಿಗೆ ಕೇಳಿಸುವಂತೆ ಹೇಳಿ, ಎರಡೂ ಹಿಡಿಗಳನ್ನು ಮೇಲಕ್ಕೇರಿಸಿ ಬಿಗಿದೆ. ಇನ್ನೆರಡು ತಿಂಗಳು ಮಾವನವರ ಹೆಸರಿನಲ್ಲಿ ನಾನು ನೆಟ್ಟಗೆ ಕೂರಬಹುದು!

ಮರುದಿನ ಅವರು ತರಕಾರಿ ತಂದ ಮೇಲೆ ಆಫೀಸಿಗೆ ಹೊರಟು ನೋಡುತ್ತೇನೆ, ಹಿಡಿಗಳು ಮತ್ತೆ ಪಾತಾಳದಲ್ಲಿವೆ. ಹೆಣ್ಣು ಕೊಟ್ಟ ಮಾವನವರನ್ನು ಯಾಕೆಂದು ಕೇಳುವುದು ಹೇಗೆ? ಸಾಯಂಕಾಲ ಮತ್ತೆ ಏರಿಸಿದೆ. ಬೆಳಿಗ್ಗೆ ಮತ್ತೆ ಇಳಿದಿದ್ದವು. ಹೀಗೆ ಮೂರು ವಾರ ಒಂದು ಮಾತಿಲ್ಲದೆ ನಡೆಯಿತು. “ಏನ್ರೀ ಇದು, ಸಾಯಂಕಾಲ ನೀವು, ಬೆಳಿಗ್ಗೆ ಅಪ್ಪ, ಇಬ್ಬರೂ ಸರದಿ ಮೇಲೆ ಸೈಕಲ್ ಪೂಜೆ ಮಾಡೋ ಹಾಗಿದೆ!” ಎಂದಳು ಕಮಲ.

ಒಂದು ದಿನ ಆಫೀಸಿಗೆ ಹೊತ್ತಾಗಿತ್ತು. ಹಿಡಿಗಳ ಕಡೆ ನೋಡದೆ ಹೊರಟುಬಿಟ್ಟೆ. ಕನಕನಪಾಳ್ಯದ ಕಡೆಯ ಇಳಿಜಾರಿನಲ್ಲಿ ಬ್ರೇಕಿಗೆಂದು ಎರಡೂ ಕೈ ಕೆಳಗಿಳಿಸಿದರೆ ಎಡಗೈಗೆ ಹಿಡಿ ಸಿಕ್ಕಿತು, ಬಲಗೈಗೆ ಬರೀ ಗಾಳಿ. ಬಲಗಡೆಯದು ಮೇಲೆಯೇ ಉಳಿದಿತ್ತು. ಹುಡುಕುವಷ್ಟರಲ್ಲಿ ಸೈಕಲ್ ಸೊಟ್ಟಗೆ ಓಡಿ, ಕಟ್ಟುತ್ತಿದ್ದ ಮನೆಯೊಂದರ ಮರಳು ಗುಡ್ಡೆಗೆ ನುಗ್ಗಿತು. ಮೇಸ್ತ್ರಿ ನನ್ನನ್ನು ಎಬ್ಬಿಸಿ ಹ್ಯಾಂಡಲ್ ನೋಡಿದ. “ಏನ್ ಸಾರ್, ಒಂದು ಬ್ರೇಕು ಮಹಡಿ ಮೇಲೆ, ಇನ್ನೊಂದು ಪಾಯದಲ್ಲಿ?”

ಮಂಡಿ ತರಚಿಕೊಂಡು ಮನೆಗೆ ಮರಳಿದೆ. ಕಮಲ ಪಕ್ಕದ ಮನೆಗೆ ಹೋಗಿದ್ದಳು. ವಿಷಯ ಕೇಳಿ ಮಾವನವರ ಮುಖ ಬಾಡಿತು.

“ಒಂದು ಇಳಿಸೋ ಹೊತ್ತಿಗೆ ಕಮಲ ಕಾಫಿಗೆ ಕರೆದಳು. ಇನ್ನೊಂದು ಮರೆತೇಬಿಟ್ಟೆ. ತಪ್ಪಾಯ್ತು ಅಳಿಯಂದಿರೇ.”

“ಅದಿರಲಿ, ದಿನಾ ಯಾಕೆ ಇಳಿಸ್ತಿದ್ರಿ?”

“ನಿಮಗೋಸ್ಕರ. ಕೆಳಗಿದ್ರೇನೇ ವೈಜ್ಞಾನಿಕ ಅಂತೀರಂತೆ, ಕಮಲ ಕಾಗದ ಬರೆದಿದ್ದಳು. ನೀವು ಪಾಪ ನನಗೋಸ್ಕರ ಏರಿಸಿಡ್ತಿದ್ರಿ. ನಿಮಗ್ಯಾಕೆ ತೊಂದರೆ ಅಂತ...”

ಮಂಡಿಯ ಉರಿಯಲ್ಲಿ ನನ್ನ ವಿಜ್ಞಾನ ಕರಗಿಹೋಯಿತು. “ಮಾವ, ಬಗ್ಗಿ ಬಗ್ಗಿ ನನ್ನ ಸೊಂಟ ಬಿದ್ದೇ ಹೋಗಿದೆ. ಮೇಲಿದ್ರೇನೇ ನನಗೆ ಸುಖ. ನಿಮಗೂ ಹಾಗೇ ತಾನೇ?”

ಅವರು ಗೇಟಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ನನಗೆ ಎಲ್ಲಿದ್ರೂ ಒಂದೇ. ನನಗೆ ಸೈಕಲ್ ಬಿಡೋಕೇ ಬರಲ್ಲ.”

“ಮತ್ತೆ ದಿನಾ ತಗೊಂಡು ಹೋಗ್ತೀರಲ್ಲ?”

“ತಳ್ಕೊಂಡು ಹೋಗ್ತೀನಿ, ತಳ್ಕೊಂಡು ಬರ್ತೀನಿ. ಚೀಲ ನೇತುಹಾಕೋಕೆ ಆ ಹ್ಯಾಂಡಲ್ ಬಹಳ ಚೆನ್ನಾಗಿದೆ. ಹಳ್ಳೀಲಿ ಸ್ಕೂಲು ಮನೆ ಎದುರಿಗೇ ಇತ್ತು, ಕಲಿಯೋ ಪ್ರಮೇಯವೇ ಬರಲಿಲ್ಲ. ಹೆಡ್‌ಮಾಸ್ತರಿಗೆ ಸೈಕಲ್ ಬರಲ್ಲ ಅಂದ್ರೆ ಚೆನ್ನಾಗಿರುತ್ತಾ? ಕಮಲಂಗೂ ಗೊತ್ತಿಲ್ಲ.”

ಸೈಕಲ್ಲನ್ನೇ ಹತ್ತದವರ ಸೊಂಟಕ್ಕಾಗಿ ನಾನು, ಸೊಂಟವೇ ಬಿದ್ದುಹೋದವನ ವಿಜ್ಞಾನಕ್ಕಾಗಿ ಅವರು, ಮೂರು ವಾರ ಸ್ಪ್ಯಾನರ್ ತಿರುಗಿಸಿದ್ದೆವು. ಇಬ್ಬರಿಗೂ ನಗು ಬಂದು, ಅವರ ಬೊಚ್ಚು ಬಾಯಿ ಮುಚ್ಚಲೇ ಇಲ್ಲ.

ಆಗ ಕಮಲ ಬಂದು, ನನ್ನ ಮಂಡಿ ನೋಡಿ ಗಾಬರಿಯಾಗಿ, ಏನಾಯಿತೆಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಮಾವನವರು, “ಕರು ಒಂದು ಅಡ್ಡ ಬಂತಂತಮ್ಮ. ಬೇರೆಯವರಾಗಿದ್ರೆ ಅದರ ಮೇಲೇ ಹೋಗ್ತಿದ್ರು. ಇವರು ತಮ್ಮ ಜೀವ ಲೆಕ್ಕಿಸದೆ ಮರಳಿಗೆ ತಿರುಗಿಸಿದರು” ಎಂದರು. ನಾನು ವಿನಯದಿಂದ ತಲೆ ತಗ್ಗಿಸಿದೆ.

ಆ ಕಥೆಯನ್ನು ಆಮೇಲೆ ಆಫೀಸಿನಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಈಗಂತೂ ಮರಳು ಗುಡ್ಡೆ ಸರಿಯಾಗಿ ನೆನಪಿಲ್ಲ. ಕರು ಮಾತ್ರ ಕಣ್ಣಿಗೆ ಕಟ್ಟಿದಂತಿದೆ: ಕೆಂದು ಬಣ್ಣ, ಹಣೆಯ ಮೇಲೊಂದು ಬಿಳಿ ಚುಕ್ಕೆ.