ನಾನು ಒಮ್ಮೆ ಸತ್ತಿದ್ದೇನೆ, ದಯವಿಟ್ಟು ಬರೆದುಕೊಳ್ಳಿ

ಗುನ್ಸಾನ್, ಮೇ ಎಂಟು

‘ಉಕ್ಕಿನ ಕಣಿವೆ’ ಆಟದಲ್ಲಿ ಸೇನಾಪತಿಗಳನ್ನು ನೇಮಿಸುವ ಘನ ಯಂತ್ರದ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಯಾವ ಊರಿನ ಯಾವ ತಣ್ಣನೆಯ ಕೋಣೆಯಲ್ಲಿ ವಿರಾಜಮಾನರಾಗಿದ್ದೀರೋ ನನಗೆ ತಿಳಿಯದು, ಆದರೂ ನನ್ನ ನಮಸ್ಕಾರಗಳು ಅಲ್ಲಿಗೆ ಮುಟ್ಟಲಿ, ತಮ್ಮ ತಂತಿಗಳು ಕಾಯದಿರಲಿ, ತಮ್ಮ ಫ್ಯಾನು ನಿಲ್ಲದಿರಲಿ ಎಂದು ಹಾರೈಸಿ ಈ ಪತ್ರ ಬರೆಯಲು ಕೂತಿದ್ದೇನೆ. ನಾನು ಮಾಧ್ಯಮಿಕ ಶಾಲೆಯ ಎರಡನೇ ವರ್ಷಕ್ಕೇ ಪುಸ್ತಕ ಮುಚ್ಚಿ ಬೀಗದ ಅಂಗಡಿ ಸೇರಿದವನು, ಆದ್ದರಿಂದ ವಾಕ್ಯ ಎಲ್ಲಾದರೂ ಕಚ್ಚಿಕೊಂಡು ನಿಂತರೆ ಸ್ವಲ್ಪ ಅಲ್ಲಾಡಿಸಿ ಓದಿಕೊಳ್ಳಬೇಕು.

ನಿನ್ನೆ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಕುರ್ಚಿಯಲ್ಲೇ ಕಣ್ಣು ಹತ್ತಿ ಒಂದು ಕೆಟ್ಟ ಕನಸು ಬಿತ್ತು. ನಾನು ಮೋಡದ ಮೇಲೆ ಕೂತಿದ್ದೇನೆ, ಕೆಳಗೆ ನನ್ನ ಐವರು ಗೆಳೆಯರು ಎಳ್ಳುಕಾಳಿನಷ್ಟು ಚಿಕ್ಕದಾಗಿ ಬಂದೂಕು ಹಿಡಿದು ನಿಂತು, ಕತ್ತು ಮೇಲೆತ್ತಿ, ‘ಈಗೇನು ಮಾಡೋದು ಹೇಳಪ್ಪಾ’ ಎಂದು ಕೇಳುತ್ತಿದ್ದಾರೆ. ‘ಮುಂದೆ ಹೋಗಿ’ ಅನ್ನಬೇಕು ಅಂತಲೇ ಬಾಯಿ ತೆಗೆದೆ, ಬಾಯಿಂದ ಬಂದದ್ದು ಮಾತ್ರ ‘ಮನೇಲಿ ಗ್ಯಾಸ್ ಆರಿಸಿ ಬಂದಿದ್ದೀರಾ?’ ಎಂಬ ಮಾತು. ಐವರೂ ವಿಧೇಯರಾಗಿ ಗ್ಯಾಸ್ ನೋಡಲು ಹಿಂದಿರುಗಿದರು, ದಾರಿಯಲ್ಲೇ ಐವರೂ ಸತ್ತರು. ಎಚ್ಚರವಾದಾಗ ಎದುರಿಗೆ ಒಬ್ಬ ಹೆಂಗಸು ಕೀಲಿಕೈಗಾಗಿ ಕಾಯುತ್ತಿದ್ದರು. ಗಾಬರಿಗೆ ಒಂದು ಕೇಳಿದವರಿಗೆ ಮೂರು ಮಾಡಿಕೊಟ್ಟು ಕಳಿಸಿದೆ.

ಈ ಕನಸು ತಾವು ದಯಪಾಲಿಸಿದ್ದು. ಹೇಗೆ ಎಂಬುದನ್ನು, ಇದು ಬಹಿರಂಗ ಪತ್ರವಾದ್ದರಿಂದ, ತಮಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳಬೇಕಾಗುತ್ತದೆ, ಬೇಸರಿಸಬಾರದು.

ಮೀನು ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ, ಎರಡನೇ ಮಹಡಿಯಲ್ಲಿ, ಓಕ್‌ಬುನ್ ಅಕ್ಕನ ಕಂಪ್ಯೂಟರ್ ಆಟದ ಅಂಗಡಿ ಇದೆ. ಅಲ್ಲಿ ಶನಿವಾರ ಮಧ್ಯಾಹ್ನ ಮೂರಕ್ಕೆ ನಾವು ಆರು ಜನ ಸೇರಿ ಹನ್ನೊಂದು ವರ್ಷದಿಂದ ತಮ್ಮ ಆಟ ಆಡುತ್ತಿದ್ದೇವೆ. ಆರರಲ್ಲಿ ಐವರು ಕೆಳಗಿನವರು; ಬಂದೂಕು ಹಿಡಿದು ಕಣಿವೆಯಲ್ಲಿ ಓಡುವವರು, ಕಣ್ಣೆದುರಿನ ಗೋಡೆ ಬಿಟ್ಟರೆ ಬೇರೇನೂ ಕಾಣದವರು. ಒಬ್ಬ ಮಾತ್ರ ಮೇಲಿನ ಕುರ್ಚಿಯವನು. ಅವನಿಗೆ ಇಡೀ ಕಣಿವೆ ಹಾಸಿದ ಚಾಪೆಯ ಹಾಗೆ ಕಾಣುತ್ತದೆ; ಎಲ್ಲಿ ಗೋಪುರ ಕಟ್ಟಬೇಕು, ಯಾರಿಗೆ ಗುಂಡಿನ ಪೆಟ್ಟಿಗೆ ಇಳಿಸಬೇಕು, ಯಾರು ಯಾವ ದಾರಿ ಹಿಡಿಯಬೇಕು, ಎಲ್ಲ ಅವನ ಮಾತು. ಅವನು ತಡವರಿಸಿದರೆ ಕೆಳಗಿನವರು ಖಾಲಿ ಬಂದೂಕು ಹಿಡಿದು ನಿಲ್ಲಬೇಕಾಗುತ್ತದೆ.

ಆ ಕುರ್ಚಿ ಹನ್ನೊಂದು ವರ್ಷ ಹೊ ಪಾನ್‌ಸೊಕ್ ಅಣ್ಣನದಾಗಿತ್ತು. ಆಟಕ್ಕೆ ಮೊದಲು, ಚೀಟಿ ಎತ್ತುವ ಬದಲಿಗೆ, ಓಕ್‌ಬುನ್ ಅಕ್ಕ ಸೇವಿಗೆ ಬಟ್ಟಲಿನ ಮುಚ್ಚಳದ ಹಿಂದೆ ಗೆರೆಗಳ ಏಣಿ ಬರೆಯುತ್ತಿದ್ದಳು. ಮೇಲೆ ಆರು ಹೆಸರು, ಕೆಳಗೆ ಒಂದೇ ಒಂದು ನಕ್ಷತ್ರ; ಬೆರಳಿಟ್ಟು ಗೆರೆ ಹಿಡಿದು ಇಳಿದರೆ ನಕ್ಷತ್ರಕ್ಕೆ ಯಾರ ಬೆರಳು ಬರುತ್ತದೋ ಅವರೇ ಸೇನಾಪತಿ. ಹನ್ನೊಂದು ವರ್ಷದಲ್ಲಿ ಒಂದು ವಾರವೂ ತಪ್ಪದೆ ಆ ಬೆರಳು ಪಾನ್‌ಸೊಕ್ ಅಣ್ಣನದೇ ಆಗಿತ್ತು. ಅದರಲ್ಲಿ ಮೋಸ ಇತ್ತು, ಮಾನ್ಯರೇ, ಮುಚ್ಚಿಡುವುದಿಲ್ಲ. ಅಕ್ಕ ಮೋಸ ಮಾಡುತ್ತಾಳೆಂದು ಆರು ಜನಕ್ಕೂ ಗೊತ್ತಿತ್ತು, ಆರು ಜನವೂ ಪ್ರತಿ ವಾರ ಏಣಿಯನ್ನು ಗಂಭೀರವಾಗಿ ಇಳಿಯುತ್ತಿದ್ದೆವು. ಮೀನಂಗಡಿಯ ಮಿರ್ಯೊನ್ ಅಂತೂ ಪ್ರತಿ ಸಲ, ‘ಥೂ, ಈ ವಾರಾನೂ ತಪ್ಪಿಹೋಯ್ತು ನೋಡು’ ಎಂದು ತೊಡೆ ತಟ್ಟಿಕೊಳ್ಳುತ್ತಿದ್ದಳು.

ಪಾನ್‌ಸೊಕ್ ಅಣ್ಣನೇ ಏಕೆಂದರೆ, ಅವನು ಹಡಗುಕಟ್ಟೆಯಲ್ಲಿ ಇಪ್ಪತ್ತಾರು ವರ್ಷ ಕ್ರೇನ್ ಓಡಿಸಿದವನು. ಮೇಲೆ ಕೂತವನು ಕೆಳಗೆ ನಿಂತವನ ಕೈ ಏಳುವವರೆಗೆ ಹೊರೆ ಇಳಿಸಬಾರದು, ಅದು ಅವರ ಕಸುಬಿನ ನೇಮ. ಅದೇ ನೇಮವನ್ನು ಆಟಕ್ಕೂ ತಂದಿದ್ದ. ಆಟದ ಸಿಪಾಯಿಗಳಿಗೆ ಕೈ ಎತ್ತಲು ಬರದ ಕಾರಣ ನಾವು ನಿಂತಲ್ಲೇ ಎರಡು ಸಲ ಕುಪ್ಪಳಿಸಬೇಕಿತ್ತು. ‘ಮಿರ್ಯೊನ್, ಕುಪ್ಪಳಿಸಮ್ಮಾ, ಇಳಿಸ್ತೀನಿ’ ಅನ್ನುತ್ತಿದ್ದ; ಅವಳು ಕುಪ್ಪಳಿಸುತ್ತಿದ್ದಳು; ಗುಂಡಿನ ಪೆಟ್ಟಿಗೆ ಅವಳ ಕಾಲ ಬುಡಕ್ಕೆ ಹೂವಿನ ಹಾಗೆ ಇಳಿಯುತ್ತಿತ್ತು. ನನ್ನ ಕೆಲಸ ಕೋಟೆಯ ಹಿಂಬಾಗಿಲ ಹತ್ತಿರ ನಿಂತು ಗೋಡೆಗೆ ಬೆಸುಗೆ ಹಾಕುವುದು. ಬಾಗಿಲು ಭದ್ರವಾಗಿದೆಯೇ ಎಂದು ನಾನು ಮೂರು ಸಲ ತಳ್ಳಿ ನೋಡುತ್ತಿದ್ದೆ, ಯಾರೂ ನನ್ನನ್ನು ಮುಂದೆ ಬಾ ಎಂದು ಕರೆಯುತ್ತಿರಲಿಲ್ಲ. ಇದಕ್ಕಿಂತ ಸುಖ ನನಗೆ ಬೇಕಿರಲಿಲ್ಲ.

ಮಾರ್ಚ್ ತಿಂಗಳಲ್ಲಿ ತಾವು ಬಂದಿರಿ. ಇನ್ನು ಮೇಲೆ ನೇಮಕ ನ್ಯಾಯವಾಗಿ ನಡೆಯತಕ್ಕದ್ದೆಂದೂ, ಆಟದ ಈ ಋತುವಿನಲ್ಲಿ ಕೆಳಗೆ ಆಡಿಯೂ ಒಂದು ಸಲವೂ ಸಾಯದ ಆಟಗಾರ ತಂಡದಲ್ಲಿದ್ದರೆ ಅವನೇ ಸೇನಾಪತಿಯೆಂದೂ, ಅಂಥವನು ಇಲ್ಲದಿದ್ದರೆ ಮಾತ್ರ ತಂಡದವರು ತಾವೇ ಆರಿಸಿಕೊಳ್ಳಬಹುದೆಂದೂ ತಾವು ಅಪ್ಪಣೆ ಮಾಡಿದಿರಿ. ಏಣಿಯ ಮೋಸ ಕೊನೆಗೊಂಡಿತು, ನಮ್ಮಲ್ಲಿ ಸಾಯದವನು ನಾನೊಬ್ಬನೇ ಆದ್ದರಿಂದ ಕುರ್ಚಿ ನನ್ನ ಪಾಲಿಗೆ ಬಂತು. ಸಾವಿರಾರು ತಂಡಗಳಲ್ಲಿ ಸಾಯದವರನ್ನು ಹುಡುಕಿ ಹುಡುಕಿ ಮೇಲೆ ಕೂರಿಸಿದ ತಮ್ಮ ಜಾಣತನವನ್ನು ಹೊಗಳಲು ನನ್ನ ಎರಡು ವರ್ಷದ ಮಾಧ್ಯಮಿಕ ಶಾಲೆ ಸಾಲದು. ಮುಂದೆ ಹೋಗದವನು ಸಾಯುವುದಿಲ್ಲ ಎಂಬುದನ್ನು ಮಾತ್ರ ತಮಗೆ ಯಾರೂ ಹೇಳಿರಲಿಲ್ಲವೇನೋ. ಹೆದರುವವರ ಮೇಲೆ ಹಾವು ಎಸೆದರು ಅನ್ನುತ್ತಾರಲ್ಲ, ತಾವು ಹಾವಿನ ಜೊತೆಗೆ ಕಿರೀಟವನ್ನೂ ಎಸೆದಿರಿ.

ನನ್ನ ಸೇನಾಪತಿತ್ವದ ಮೊದಲ ದಿನ ಕೋಟೆಯ ಸುತ್ತ ಏಳು ಸುತ್ತಿನ ಗೋಡೆ ಕಟ್ಟಿಸಿದೆ. ಆರನೆಯದು ಮುಗಿದಾಗ ಮಿರ್ಯೊನ್, ‘ಅಣ್ಣಾ, ನಾನು ಹೊರಗಿದ್ದೀನಿ, ಬಾಗಿಲು ತೆಗಿ’ ಅಂದಳು. ಏಳನೆಯದಕ್ಕೆ ಕೈ ಹಾಕಿದಾಗ, ‘ಬೀಗದ ಅಂಗಡಿ ಇಟ್ಟೋನು ಬಾಗಿಲು ತೆಗಿಯೋಕೆ ಎಷ್ಟು ತಗೋತೀಯ ಹೇಳು, ಕೊಟ್ಟುಬಿಡ್ತೀನಿ’ ಅಂದಳು. ನಾನು ತೆಗೆಯಲಿಲ್ಲ, ಅವಳ ಹಿಂದೆ ಯಾರಾದರೂ ನುಗ್ಗಿದರೆ ಎಂಬ ಚಿಂತೆ. ಆಟ ನಾಲ್ಕು ಗಂಟೆ ಎಳೆದು ಯಾರೂ ಗೆಲ್ಲದೆ ಮುಗಿಯಿತು. ಓಕ್‌ಬುನ್ ಅಕ್ಕನ ಬೇಯಿಸಿದ ಮೊಟ್ಟೆ ಖಾಲಿಯಾದವು, ಎದುರಾಳಿಗಳಾದ ಇಕ್ಸಾನ್ ತಂಡದಲ್ಲಿ ಒಬ್ಬ ನಿದ್ದೆ ಹೋಗಿದ್ದ. ತಾವು ಮಾತ್ರ ‘ಸೇನಾಪತಿಯ ಸಾವು ಸೊನ್ನೆ, ಅತ್ಯುತ್ತಮ’ ಎಂದು ನನಗೆ ಚಿನ್ನದ ಗುಂಡಿ ತೊಡಿಸಿದಿರಿ.

ಇಲ್ಲಿಯವರೆಗೆ ನಗುವ ಮಾತು. ಇನ್ನು ನನ್ನ ನಿಜವಾದ ದೂರು.

ಪಾನ್‌ಸೊಕ್ ಅಣ್ಣನನ್ನು ಜನವರಿಯಲ್ಲೇ ಹಡಗುಕಟ್ಟೆಯ ಕಂಪನಿ ಕ್ರೇನಿನಿಂದ ಕೆಳಗಿಳಿಸಿತ್ತು. ಈಗ ಆ ಕ್ರೇನು ತಾನೇ ಓಡುತ್ತದಂತೆ, ಕೈ ಎತ್ತುವವನೂ ಬೇಕಿಲ್ಲವಂತೆ. ಅವನಿಗೆ ಗೋದಾಮಿನ ಗೇಟಿನಲ್ಲಿ ಒಂದು ಸ್ಟೂಲು ಕೊಟ್ಟಿದ್ದಾರೆ. ಅವನು ಅದರ ಬಗ್ಗೆ ನಮ್ಮ ಹತ್ತಿರ ಒಂದೇ ಮಾತು ಆಡಿದ್ದು: ‘ಕೆಳಗಿಂದ ನೋಡಿದ್ರೆ ಹಡಗು ಬರೀ ಗೋಡೆ ಕಣ್ರೋ.’ ಜನವರಿಯಲ್ಲಿ ಅವರು ಇಳಿಸಿದರು, ಮಾರ್ಚಿನಲ್ಲಿ ತಾವು. ಶನಿವಾರದ ಮೇಲಿನ ಕುರ್ಚಿ ಒಂದು ಉಳಿದಿತ್ತು ಅವನಿಗೆ.

ಕೆಳಗೆ ಬಂದ ಮೇಲೂ ಅವನು ನೇಮ ಬಿಡಲಿಲ್ಲ. ಮುಂದೆ ಹೋಗುವ ಮೊದಲು ಎರಡು ಸಲ ಕುಪ್ಪಳಿಸಿ, ನನ್ನ ಮಾತಿಗಾಗಿ ನಿಂತು ಕಾಯುತ್ತಿದ್ದ. ನಾನು ಮೇಲೆ ಕೂತು ಹಿಂಬಾಗಿಲು ಹಾಕಿದೆಯೇ ಎಂದು ನೋಡುತ್ತಿದ್ದೆ. ಕುಪ್ಪಳಿಸುತ್ತ ಕಾಯುತ್ತಿರುವಾಗಲೇ ಅವನಿಗೆ ಗುಂಡು ಬೀಳುತ್ತಿತ್ತು. ಒಂದೇ ಮಧ್ಯಾಹ್ನ ಮೂವತ್ತೊಂದು ಸಲ. ಒಂದು ಸಲವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

ಆದ್ದರಿಂದ ನಾನು ಸಾಯಲು ತೀರ್ಮಾನಿಸಿದೆ. ನಾನು ಒಂದು ಸಲ ಸತ್ತರೆ ಸಾಕು, ನೇಮಕದ ಹಕ್ಕು ನಮ್ಮ ಕೈಗೆ ಬರುತ್ತದೆ, ಓಕ್‌ಬುನ್ ಅಕ್ಕ ಮುಚ್ಚಳ ತಿರುಗಿಸಿ ಏಣಿ ಬರೆಯುತ್ತಾಳೆ. ಸೇನಾಪತಿ ತಾನೇ ಇಷ್ಟಪಟ್ಟರೆ ಕುರ್ಚಿ ಬಿಟ್ಟು ಇಳಿದು ಬಂದೂಕು ಹಿಡಿಯಬಹುದು ಎಂದು ತಮ್ಮ ನಿಯಮದಲ್ಲೇ ಇದೆ. ಮೊದಲ ಸಲ ನಾನು ದೀಪ ಹೊತ್ತಿಸಿಕೊಂಡು ಬಯಲಿನ ನಡುವೆ ನಡೆದುಹೋದೆ. ಇಕ್ಸಾನ್‌ನವರು, ‘ಇಷ್ಟು ಪೆದ್ದು ಪೆದ್ದಾಗಿ ಯಾವನೂ ಬರಲ್ಲ, ಹಿಂದೆ ಏನೋ ಮಸಲತ್ತಿದೆ’ ಎಂದು ತಮ್ಮ ಗೋಪುರ ಬಿಟ್ಟು ಓಡಿದರು. ತಾವು ನನಗೆ ಶೌರ್ಯ ಪದಕ ಕೊಟ್ಟಿರಿ. ಎರಡನೇ ಸಲ ಗೋಪುರದ ತುದಿಯಿಂದ ಹಾರಿದೆ. ಎತ್ತರದಿಂದ ಬಿದ್ದರೆ ಅದು ಸಾವಲ್ಲ, ಅವಘಡ ಎಂದು ತಾವು ನನ್ನನ್ನು ಎತ್ತಿ ತಂದು ಮತ್ತೆ ಕುರ್ಚಿಯಲ್ಲಿ ಕೂರಿಸಿದಿರಿ. ಇಷ್ಟು ಅಕ್ಕರೆಯಿಂದ ನನ್ನ ತಾಯಿಯೂ ನನ್ನನ್ನು ಎತ್ತಿರಲಿಲ್ಲ.

ಮೂರನೇ ಸಲದ್ದು ಏಪ್ರಿಲ್ ಹದಿನಾಲ್ಕು, ಶನಿವಾರ, ಸಂಜೆ ನಾಲ್ಕು ಗಂಟೆ ಹನ್ನೊಂದು ನಿಮಿಷ. ಪಾನ್‌ಸೊಕ್ ಅಣ್ಣ ನೀರಿನ ತೊಟ್ಟಿಯ ಮೆಟ್ಟಿಲ ಮೇಲೆ ಎರಡು ಸಲ ಕುಪ್ಪಳಿಸಿ ನಿಂತಿದ್ದ. ಕೊಳವೆಯ ಮರೆಯಲ್ಲಿ ಒಬ್ಬ ಬಂದೂಕು ಗುರಿಯಿಟ್ಟು ಕೂತದ್ದು ಮೇಲಿದ್ದ ನನಗೆ ಕಂಡಿತು, ಅವನಿಗೆ ಕಾಣುವಂತಿರಲಿಲ್ಲ. ‘ಬಗ್ಗು’ ಎಂಬ ಒಂದು ಮಾತು ಸಾಕಿತ್ತು. ಆಗ ಏನಾಯಿತೋ ಕಾಣೆ, ಕುರ್ಚಿಯಿಂದ ಇಳಿದು ಓಡಿದೆ. ಹಿಂಬಾಗಿಲು ಹಾರು ಹೊಡೆದಿದ್ದರೂ ತಿರುಗಿ ನೋಡಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಮುಂದಕ್ಕೆ ಓಡಿದ್ದು. ಮೂರನೇ ಮೆಟ್ಟಿಲಲ್ಲಿ ಅವನ ಮುಂದೆ ನಿಂತೆ. ಗುಂಡು ನನಗೆ ಬಿತ್ತು. ನಾನು ಸತ್ತೆ, ಮಾನ್ಯರೇ, ಚೆನ್ನಾಗಿಯೇ ಸತ್ತೆ. ಆ ಸಂತೋಷಕ್ಕೆ ಇತ್ತ ಅಂಗಡಿಯಲ್ಲಿ ಎದ್ದು ನಿಂತವನ ಮೊಣಕಾಲು ಮೇಜಿನ ಕೆಳಗಿನ ಸ್ವಿಚ್ಚಿಗೆ ತಗುಲಿ ಕಂಪ್ಯೂಟರ್ ಆರಿಹೋಯಿತು.

ತಾವು ಬರೆದುಕೊಂಡದ್ದು: ‘ಆಟಗಾರ ಎದ್ದು ಹೋಗಿದ್ದಾನೆ. ಸಾವು: ಸೊನ್ನೆ.’

ಮುಂದಿನ ಶನಿವಾರ ಪಾನ್‌ಸೊಕ್ ಅಣ್ಣ ಬಂದ, ಪರದೆಯ ಮೇಲೆ ಸೇನಾಪತಿ ಎಂದು ಮತ್ತೆ ನನ್ನ ಹೆಸರೇ ಇದ್ದದ್ದನ್ನು ನೋಡಿದ, ‘ಮೊಣಕಾಲು ನೋವು, ಇವತ್ತು ಆಗಲ್ಲ’ ಎಂದು ಹೊರಟುಹೋದ. ಕೂತು ಆಡುವ ಆಟಕ್ಕೆ ಮೊಣಕಾಲಿನ ನೆಪ ಹೇಳುವಷ್ಟು ಅವನು ಸೋತಿದ್ದಾನೆ. ಆಮೇಲೆ ಬರಲೇ ಇಲ್ಲ. ಆರು ಜನ ಇಲ್ಲದೆ ಆಟವಿಲ್ಲ. ಮೂರು ಶನಿವಾರ ಖಾಲಿ ಹೋದವು. ಬರುವ ಹನ್ನೆರಡನೇ ತಾರೀಕೂ ಖಾಲಿ ಹೋದರೆ ನಮ್ಮ ತಂಡದ ಹೆಸರನ್ನೇ ಪಟ್ಟಿಯಿಂದ ತೆಗೆಯುವುದಾಗಿ ತಮ್ಮ ನೋಟೀಸು ಬಂದಿದೆ. ಬೇರೆ ಆರನೆಯವನನ್ನು ಹುಡುಕಬಹುದಲ್ಲ ಎಂದು ಯಾರೋ ಅಂದರು. ಮಿರ್ಯೊನ್ ಅವರನ್ನು ಮೀನು ನೋಡಿದ ಹಾಗೆ ಮೇಲಿಂದ ಕೆಳಕ್ಕೆ ನೋಡಿದಳು. ಮಾತು ಅಲ್ಲಿಗೆ ನಿಂತಿತು.

ನಾನೇ ಹೋಗಿ ಕರೆಯಬಹುದಿತ್ತು, ಎರಡು ಸಲ ಗೋದಾಮಿನ ಗೇಟಿನವರೆಗೆ ಹೋಗಿಯೂ ಇದ್ದೆ. ಅವನು ಸ್ಟೂಲಿನ ಮೇಲೆ ಕೂತು ಕ್ರೇನನ್ನು ನೋಡುತ್ತಿದ್ದ. ಅಂಗಡಿಯ ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ ಬಂದು ಹಿಂದಿರುಗಿದೆ.

ಆದಕಾರಣ ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ನನ್ನ ಹೆಸರಿನ ಮುಂದಿನ ಸೊನ್ನೆಯನ್ನು ಅಳಿಸಿ ಒಂದು ಎಂದು ಬರೆಯತಕ್ಕದ್ದು. ಸಾಯದವರೇ ಬೇಕೆಂದು ತಮಗೆ ಹಟವಿದ್ದರೆ ಓಕ್‌ಬುನ್ ಅಕ್ಕನ ಗಾಜಿನ ತೊಟ್ಟಿಯಲ್ಲಿ ಒಂದು ಆಮೆ ಇದೆ, ಹತ್ತೊಂಬತ್ತು ವರ್ಷದಿಂದ ಒಂದು ಸಲವೂ ಸತ್ತಿಲ್ಲ, ಗೋಡೆಯನ್ನು ಬೆನ್ನ ಮೇಲೇ ಹೊತ್ತಿದೆ. ಅದರ ಅರ್ಹತೆಯನ್ನು ಪರಿಶೀಲಿಸಬಹುದು. ಅದೂ ಆಗದಿದ್ದರೆ ತಾವೇ ಒಂದು ಶನಿವಾರ ಗುನ್ಸಾನ್‌ಗೆ ದಯಮಾಡಿಸಿ, ಕೆಳಗಿನವರ ಸಾಲಿನಲ್ಲಿ ನಿಂತು, ಎರಡು ಸಲ ಕುಪ್ಪಳಿಸಿ, ಮೇಲಿನವನು ಏನಾದರೂ ಹೇಳುತ್ತಾನೇನೋ ಎಂದು ಸ್ವಲ್ಪ ಹೊತ್ತು ಕಾದು ನೋಡಬೇಕು. ಸೇವಿಗೆ ನನ್ನ ಕಡೆಯಿಂದ. ಮೊಟ್ಟೆಯನ್ನೂ ಹಾಕಿಸುತ್ತೇನೆ.

ತಮ್ಮ ವಿಶ್ವಾಸಿ, ಹಾಗೂ ಏಪ್ರಿಲ್ ಹದಿನಾಲ್ಕರಿಂದ ದಿವಂಗತ,

ಕ್ವಾಕ್ ಡೊಂಗ್‌ಬೇ
ಬೀಗ ಮತ್ತು ಕೀಲಿಕೈ ಅಂಗಡಿ

ಮರೆತ ಮಾತು, ಮೇ ಹತ್ತು: ಕಾಗುಣಿತದ ತಪ್ಪಿದ್ದರೆ ಯಾರಾದರೂ ತಿದ್ದಲಿ ಎಂದು ಈ ಪತ್ರವನ್ನು ಎರಡು ದಿನ ಓಕ್‌ಬುನ್ ಅಕ್ಕನ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ಇವತ್ತು ನೋಡಿದರೆ ಕಾಗುಣಿತ ಯಾರೂ ಮುಟ್ಟಿಲ್ಲ. ‘ಮೂರನೇ ಮೆಟ್ಟಿಲಲ್ಲಿ’ ಎಂಬಲ್ಲಿ ಮಾತ್ರ ‘ಮೂರನೇ’ ಹೊಡೆದುಹಾಕಿ, ಹಡಗಿನ ಪೆಟ್ಟಿಗೆಗಳ ಮೇಲೆ ಬರೆಯುವಂಥ ಚೌಕ ಚೌಕದ ಅಕ್ಷರದಲ್ಲಿ, ‘ನಾಲ್ಕನೇದು. ನಾನು ಹಿಂದೇನೇ ಇದ್ದೆ, ನೋಡಿದ್ದೀನಿ’ ಎಂದು ಬರೆದಿದೆ. ಅಕ್ಕನನ್ನು ಕೇಳಿದರೆ, ‘ಬಂದಿದ್ದ. ಎರಡು ಸಲ ಓದ್ದ, ಒಂದು ಸಲ ನಕ್ಕ. ಆ ಪುಕ್ಕಲನಿಗೆ ಸತ್ತ ಜಾಗಾನೂ ನೆನಪಿಲ್ಲ, ಶನಿವಾರ ಮೂರು ಗಂಟೆಗೆ ಬಂದು ತೋರಿಸ್ತೀನಿ ಅಂದ’ ಅಂದಳು. ಆಮೇಲೆ ಸೇವಿಗೆ ಬಟ್ಟಲಿನ ಒಂದು ಮುಚ್ಚಳ ತೊಳೆದು ಒಣಗಲು ಇಟ್ಟಳು.

ಎಲ್ಲವನ್ನೂ ಕಾಣುವ ತಮಗೆ ಕಾಣದ ನನ್ನ ಸಾವಿಗೆ, ಕೆಳಗೆ ನಿಂತವನೊಬ್ಬ ಸಾಕ್ಷಿ ಸಿಕ್ಕಿದ್ದಾನೆ ಎಂದು ತಿಳಿಸಲು ಹರ್ಷಿಸುತ್ತೇನೆ. ಆದರೂ ನನ್ನ ಪ್ರಕಾರ ಅದು ಮೂರನೆಯದೇ. ಆದ್ದರಿಂದ ಏಪ್ರಿಲ್ ಹದಿನಾಲ್ಕು, ನಾಲ್ಕು ಗಂಟೆ ಹನ್ನೊಂದು ನಿಮಿಷದ ದಾಖಲೆ ತೆಗೆದು, ನಾನು ಬಿದ್ದಿದ್ದು ಮೂರನೇ ಮೆಟ್ಟಿಲೋ ನಾಲ್ಕನೆಯದೋ, ಅದೊಂದನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಅವಸರವೇನಿಲ್ಲ. ಉತ್ತರ ಶನಿವಾರ ಕಳೆದ ಮೇಲೆ ಬಂದರೆ ಇನ್ನೂ ಒಳ್ಳೆಯದು.