ಎಣ್ಣೆ ತಲೆಗೆ ಸಿಗ್ನಲ್ ಸಿಗುವುದಿಲ್ಲ

ನನ್ನ ತಲೆಯೊಳಗೆ ಏನು ಓಡುತ್ತಿದೆ ಎಂದು ತಿಳಿಯುವ ಕುತೂಹಲ ಯಾರಿಗೂ ಇಲ್ಲ. ಮದುವೆಯ ಹೊಸತರಲ್ಲಿ ಇವರಿಗಿತ್ತು, ಬೇಗ ವಾಸಿಯಾಯಿತು. ಮನೆಯಲ್ಲಿ ಇರುವುದೇ ನಾವಿಬ್ಬರು. ಅದರಲ್ಲಿ ಒಬ್ಬರು ದುಬೈಯಲ್ಲಿ. ಪಣಂಬೂರಿನ ಆಫೀಸು ಮುಗಿಸಿ ಕೊಡಿಯಾಲ್‌ಬೈಲಿನ ಫ್ಲ್ಯಾಟಿಗೆ ಬಂದರೆ ನನ್ನೊಡನೆ ಮಾತಾಡುವುದು ಲಿಫ್ಟ್ ಒಂದೇ, ಅದೂ 'ಬಾಗಿಲು ಮುಚ್ಚಿ' ಎಂದು. ಹೀಗಿರುವಾಗ ಹತ್ತಿರದ ಕಾಲೇಜಿನಲ್ಲಿ, ವಿಡಿಯೊ ನೋಡುವವರ ಮೆದುಳಿನ ಸಿಗ್ನಲ್ ಹಿಡಿಯುವ ಪ್ರಯೋಗಕ್ಕೆ ಜನ ಬೇಕೆಂದು ಗೊತ್ತಾಗಿ ಹೆಸರು ಕೊಟ್ಟೆ. ವಿಡಿಯೊ ನೋಡುವುದರಲ್ಲಿ ನನ್ನಷ್ಟು ಪಳಗಿದವರು ಊರಲ್ಲಿ ಕಡಿಮೆ.

ತಲೆಗೆ ಸ್ನಾನ ಮಾಡಿ ಬನ್ನಿ ಎಂದಿದ್ದರು. ಮಾಡಿದೆ. ಆದರೆ ಒಣ ತಲೆಯಲ್ಲಿ ನಾಲ್ಕು ಜನರ ಮುಂದೆ ಹೋಗುವುದುಂಟೇ? ಗಾಣದ ತೆಂಗಿನೆಣ್ಣೆ ಧಾರಾಳವಾಗಿ ತಿಕ್ಕಿಕೊಂಡು ಹೊರಟೆ. ಪ್ರಯೋಗ ನಡೆಸುವ ಹುಡುಗಿ ಶ್ರಾವ್ಯ, ತಂತಿ ಜೋತಾಡುವ ಟೊಪ್ಪಿ ಹಿಡಿದು ಬಂದವಳು ಹಾಗೇ ನಿಂತಳು.

"ಎಂತ ಆಂಟಿ ಇದು! ತಲೆ ತೊಳೀಲಿಕ್ಕೆ ಹೇಳಿದ್ದಲ್ವಾ?"

"ತೊಳೆದೇ ಎಣ್ಣೆ ಹಾಕಿದ್ದು."

"ಎಣ್ಣೆ ಉಂಟಾದ್ರೆ ಸಿಗ್ನಲ್ ಸಿಗುವುದಿಲ್ಲ ಮಾರಾಯ್ರೆ. ಬನ್ನಿ, ನಾನೇ ತೊಳೀತೇನೆ."

ಬೇಸಿನ್ನಿಗೆ ತಲೆ ಬಗ್ಗಿಸಿದೆ. ಅವಳು ಶಾಂಪೂ ಹಾಕಿ, ಸಿಕ್ಕು ಬಿಡಿಸಿ, "ಕಣ್ಣು ಮುಚ್ಚಿ, ಉರೀತದೆ" ಎಂದಳು. ಅಮ್ಮ ಹೋದ ಮೇಲೆ ನನ್ನ ತಲೆಗೆ ಬೇರೆಯವರ ಕೈ ಸೋಕಿದ್ದೇ ಇಲ್ಲ. ಕಣ್ಣು ಉರಿದದ್ದು ಶಾಂಪೂವಿನಿಂದ ಎಂದು ನಾನು ಯಾರೊಡನೆಯೂ ವಾದಿಸಬಲ್ಲೆ.

ಆಮೇಲೆ ವಿಡಿಯೊಗಳು. ಪ್ರತಿಯೊಂದರ ಕೆಳಗೂ 'ನಿಜ' ಅಥವಾ 'ಯಂತ್ರ ಮಾಡಿದ್ದು' ಎಂಬ ಲೇಬಲ್; ಯಂತ್ರ ಎಂದರೆ ಎಐ. ಒಂದರಲ್ಲಿ ವಯಸ್ಸಾದ ಹೆಂಗಸು ಮಗಳಿಗೆ ನೀರುದೋಸೆ ಬಡಿಸುತ್ತ, "ಇನ್ನೊಂದು ಹಾಕ್ಲಾ?" ಎನ್ನುತ್ತಿದ್ದಳು. ಯಂತ್ರ ಮಾಡಿದ್ದು ಎಂದು ಕೆಳಗೇ ಬರೆದಿತ್ತು. ಶ್ರಾವ್ಯ ತನ್ನ ಕಂಪ್ಯೂಟರಿನಲ್ಲಿ ಓಡುತ್ತಿದ್ದ ನನ್ನ ಮೆದುಳಿನ ಗೆರೆಗಳತ್ತ ಬಗ್ಗಿದಳು.

"ಆಂಟಿ, ಲೇಬಲ್ ನೋಡಿದ್ರಾ?"

"ನೋಡಿದೆ."

"ಮತ್ತೆ ಗೆರೆ ಯಾಕೆ ಇಷ್ಟು ಹಾರ್ತದೆ?"

"ಹಸಿವು" ಎಂದೆ.

ಸಂಜೆ ಇವರ ವಿಡಿಯೊ ಕಾಲ್ ಬಂತು. "ಬೇಜಾರುಂಟಾ?" ಎಂದರು. "ಎಂತ ಬೇಜಾರು, ಪುರುಸೊತ್ತೇ ಇಲ್ಲ" ಎಂದೆ. ಪುಣ್ಯಕ್ಕೆ ನನ್ನ ಮುಖದ ಕೆಳಗೆ ಲೇಬಲ್ ಬರಲಿಲ್ಲ.

ನಿನ್ನೆ ಶ್ರಾವ್ಯ ಫೋನು ಮಾಡಿದ್ದಳು. ಇನ್ನೊಂದು ಸುತ್ತು ಉಂಟಂತೆ. "ಈ ಸಲ ಎಣ್ಣೆ ಮುಟ್ಟಬೇಡಿ ಆಂಟಿ, ಪ್ಲೀಸ್" ಎಂದಳು. ಖಂಡಿತ ಇಲ್ಲ ಎಂದು ಮಾತು ಕೊಟ್ಟೆ. ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ತಲೆ ಒರೆಸಿ, ಬಾಟಲಿಯಲ್ಲಿದ್ದ ಎಣ್ಣೆಯನ್ನೆಲ್ಲ ನೆತ್ತಿಗೆ ಸುರಿದುಕೊಂಡು ಹೊರಟೆ.