ಸೇವಂತಿಗೆಗೆ ಸೀರೆ ಕಟ್ಟಿದ್ದು

ಹೂವಿನ ಗಿಡ ಸಾಕಿದರೆ ಮನಸ್ಸಿಗೆ ನೆಮ್ಮದಿ ಎನ್ನುವವರು ಒಂದು ಗಿಡವನ್ನೂ ಸಾಕಿದವರಲ್ಲ. ಎಮ್ಮೆ ಸಾಕಿದರೆ ಒದೆಯುತ್ತದೆ, ಹಾಲನ್ನೂ ಕೊಡುತ್ತದೆ. ಸೇವಂತಿಗೆ ಒದೆಯುವುದೂ ಇಲ್ಲ, ಹೂವು ಕೊಡುವುದೂ ಇಲ್ಲ, ಎಲೆ ಬಿಟ್ಟುಕೊಂಡು ಸುಮ್ಮನೆ ನಮ್ಮ ಮುಖ ನೋಡುತ್ತದೆ.

ಈ ಗಿಡ ಕೊಟ್ಟವಳು ಬಿಂಡಿಗನವಿಲೆಯಲ್ಲಿರುವ ನನ್ನ ವಾರಗಿತ್ತಿ ನಿಂಗಮ್ಮ. ಒಂದು ಸಲ ನೆಟ್ಟರೆ ಬುಡದಲ್ಲೇ ಕಂದು ಒಡೆದು ವರ್ಷ ವರ್ಷವೂ ಬರುತ್ತದೆ ಎಂದು ಹೇಳಿ, "ನಿನ್ ಕೈಗೆ ಬತ್ತದೋ ಇಲ್ವೋ ಕಾಣೆ ಕಣಕ್ಕ" ಎಂದೂ ಸೇರಿಸಿದಳು. ಆ ಮಾತಿಗೇ ಹಟ ಹಿಡಿದೆ. ಪಾಂಡವಪುರದ ನಮ್ಮ ಮನೆಯ ಅಂಗಳ ಚಾಪೆಯಷ್ಟಗಲ. ಬಿಸಿಲು ಬರುವುದು ಪಕ್ಕದ ಮನೆ ರತ್ನಮ್ಮನ ಕಡೆಯಿಂದ. ಅಲ್ಲೇ ಬೇಲಿಯ ಬದಿಗೆ ನೆಟ್ಟು, ಸಗಣಿ ಗೊಬ್ಬರ ಹಾಕಿ, ಕುಡಿ ಚಿವುಟಿ ಬೆಳೆಸಿದೆ. ಗಿಡ ಪೊದೆಯಾಗಿ ಮೊಗ್ಗು ಕಚ್ಚಿತು. ತಡೆಯಲಾರದೆ ನಿಂಗಮ್ಮನಿಗೆ ಫೋನು ಮಾಡಿ, "ಕಡೇ ಕಾರ್ತೀಕದ ಪೂಜೆಗೆ ಬಾ, ಹೂವ ತರ್ಬ್ಯಾಡ, ನಮ್ಮನೇಲೇ ಅದೆ" ಎಂದುಬಿಟ್ಟೆ.

ಮಾರನೆಯ ದಿನವೇ ರತ್ನಮ್ಮ ಬೇಲಿಯಾಚೆ ನಿಂತು, "ಏನ್ ಮೊಗ್ಗಮ್ಮೋ, ಎಲೇನೇ ಕಾಣಾಕಿಲ್ಲ" ಎಂದಳು. ಅವಳ ಕಣ್ಣು ಒಳ್ಳೆಯದಲ್ಲ. ನಮ್ಮ ಸೊಸೆಯ ಕೂದಲು ಎಷ್ಟುದ್ದ ಎಂದಿದ್ದಳು, ಉದುರಲು ಶುರುವಾಯಿತು. ನಾನು ಹಳೆಯ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಬೇಲಿಯುದ್ದಕ್ಕೂ ಕಟ್ಟಿದೆ. ಸೊಸೆ, "ಅತ್ತೆ, ಗಾಳಿ ಬೆಳಕು..." ಎಂದು ಏನೋ ಮಾತು ತೆಗೆದಳು. "ನೀನ್ ಸುಮ್ಕಿರು" ಎಂದೆ.

ಅಲ್ಲಿಂದಾಚೆಗೆ ಮೊಗ್ಗುಗಳು ಇದ್ದ ಹಾಗೇ ನಿಂತವು. ಕೆಲವು ಕಪ್ಪಗಾಗಿ ಉದುರಿದವು. ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕಿದರೆ ಘಾಟೇ ಬರಲಿಲ್ಲ. ದೃಷ್ಟಿಯೇ ಎಂದು ಖಾತ್ರಿಯಾಯಿತು. ಸೀರೆಯ ಮೇಲೆ ಇನ್ನೊಂದು ಸೀರೆ ಕಟ್ಟಿದೆ.

ಪೂಜೆಯ ದಿನ ಬಂದ ನಿಂಗಮ್ಮ ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಅಂಗಳಕ್ಕೆ ನಡೆದಳು. ಸೀರೆ ನೋಡಿದಳು, ಗಿಡ ನೋಡಿದಳು. "ಇದ್ಕೆ ಬಿಸ್ಲು ಬೇಕು ಕಣಕ್ಕ. ಒಳ್ಳೆ ಬಾಣಂತಿ ಕೂರ್ಸ್ದಂಗೆ ಕೂರ್ಸಿದ್ದೀಯಲ್ಲ."

ಅಷ್ಟರಲ್ಲೇ ರತ್ನಮ್ಮ ಒಂದು ತಟ್ಟೆ ಹಿಡಿದು ಬಂದಳು. ಅದರ ತುಂಬ ಹಳದಿ ಸೇವಂತಿಗೆ. "ಸೀರೆ ಸಂದೀಲಿ ಎಲ್ಡು ಕೊಂಬೆ ನಮ್ ಕಡೀಕೆ ನುಗ್ಗಿದ್ವು. ನಿಮ್ ಪೂಜೆಗಾಯ್ತದೆ ಅಂತ ಕಿತ್ಕೊಂಡ್ ಬಂದೆ. ನಿಮ್ದೇ ಹೂವ, ತಕೊಳಿ."

ನಿಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, "ತಕೊಳಕ್ಕ, ನೀನ್ ತರ್ಬ್ಯಾಡ ಅಂದೆ, ನಾನೂ ತಂದಿಲ್ಲ" ಎಂದಳು. ತೆಗೆದುಕೊಳ್ಳದೆ ಏನು ಮಾಡಲಿ, ದೇವರು ಬರಿದಾಗಿ ಕೂತಿದ್ದ.

ಹೂವಿನ ಕಾಲ ಮುಗಿದ ಮೇಲೆ ಗಿಡವನ್ನು ಬುಡಕ್ಕೆ ಕತ್ತರಿಸಿದೆ. ಈಗ ಹೊಸ ಕಂದು ಬಂದಿವೆ. ಸೀರೆಗಳನ್ನು ಬಿಚ್ಚಿದ್ದೇನೆ. ಆದರೆ ರತ್ನಮ್ಮನ ಕಣ್ಣು ಅಲ್ಲೇ ಇದೆಯಲ್ಲ, ಅದಕ್ಕೆ ದಿನವೂ ಬೆಳಿಗ್ಗೆ ಬೇಲಿಗೂ ಗಿಡಕ್ಕೂ ನಡುವೆ ಸ್ಟೂಲು ಹಾಕಿಕೊಂಡು ನಾನೇ ಕಾವಲು ಕೂರುತ್ತೇನೆ. ನಿನ್ನೆ ಸೊಸೆ ಬಂದು ನಿಂತಳು.

"ಅತ್ತೆ, ವಸಿ ಆ ಕಡೀಕೆ ಸರ್ಕೊಳಿ. ಗಿಡದ್ ಮ್ಯಾಲೆ ನಿಮ್ ನೆಳ್ಳು ಬೀಳ್ತಾದೆ."